ಬೂಸಾ ನೆನಪಿದೆ, ಬುಟ್ಟಿ ಮರೆತಿದೆ

ಕನ್ನಡದಲ್ಲಿ ದಲಿತ ವಿಮರ್ಶೆಯ ಚರಿತ್ರೆ ಹೇಳಲು ಕೂತವರೆಲ್ಲ 1973ಕ್ಕೆ ಬಂದು ನಿಲ್ಲುತ್ತಾರೆ. ಆ ವರ್ಷದ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಎಷ್ಟಿದೆ ಎಂಬ ಮಾತೆತ್ತಿದರು. ರಾಜ್ಯ ಹೊತ್ತಿಕೊಂಡಿತು. ಹಾಸ್ಟೆಲುಗಳಲ್ಲಿದ್ದ ದಲಿತ ಹುಡುಗರ ಮೇಲೆ ಕೈ ಮಾಡಿದರು. ಕೊನೆಗೆ ಬಸವಲಿಂಗಪ್ಪನವರ ಮಂತ್ರಿಗಿರಿಯೇ ಹೋಯಿತು. ಆ ಬೆಂಕಿಯಿಂದಲೇ ದಲಿತ ಸಂಘರ್ಷ ಸಮಿತಿ ಬಂತು, ಬಂಡಾಯ ಬಂತು, ನಾವು ಈಗ ಕೂತು ಬರೆಯುತ್ತಿರುವ ಈ ಬಗೆಯ ವಿಶೇಷಾಂಕಗಳೂ ಬಂದವು. ಇದು ನಮಗೆಲ್ಲ ಬಾಯಿಪಾಠ. ಎಂ.ಎ. ತರಗತಿಯಲ್ಲಿ ನಮ್ಮ ಮೇಷ್ಟರುಗಳು ಹೇಳಿದರು, ಈಗ ನಾನು ನನ್ನ ಹುಡುಗರಿಗೆ ಹೇಳುತ್ತಿದ್ದೇನೆ.

ಅದೇ ಮನುಷ್ಯ, ಅದೇ ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತದ ಹೊಣೆ ಹೊತ್ತಿದ್ದಾಗ, ಇನ್ನೊಂದು ಕೆಲಸ ಮಾಡಿದ್ದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದರು. ಇಂಥದೊಂದು ಕಾಯಿದೆ ಪಾರ್ಲಿಮೆಂಟಿನಲ್ಲಿ ಪಾಸಾಗಲು 1993ರವರೆಗೆ ಕಾಯಬೇಕಾಯಿತು. ಎಂದರೆ ಎರಡು ದಶಕ ಮೊದಲು ಕರ್ನಾಟಕದಲ್ಲಿ ಒಬ್ಬ ದಲಿತ ಮಂತ್ರಿ ಬುಟ್ಟಿಯನ್ನು ಕೆಳಗಿಳಿಸಿ ಎಂದು ಹೇಳಿದ್ದ. ಬೂಸಾ ಮಾತಿಗೆ ನೂರಾರು ಲೇಖನಗಳು ಬಂದಿವೆ, ಬುಟ್ಟಿಗೆ ಎಷ್ಟು ಬಂದಿವೆ? ದಲಿತ ವಿಮರ್ಶೆ ಎಂದರೆ ಸಾಹಿತ್ಯದ ವಿಮರ್ಶೆ ಮಾತ್ರ ಎಂದು ನಾವೇ ಗೆರೆ ಎಳೆದುಕೊಂಡೆವೋ ಏನೋ. ಪುಸ್ತಕದ ಬಗ್ಗೆ ಆಡಿದ ಮಾತು ಚರಿತ್ರೆಯಾಯಿತು. ಮೈಯ ಬಗ್ಗೆ ಮಾಡಿದ ಆಜ್ಞೆ ಸರ್ಕಾರಿ ಕಡತವಾಯಿತು.

ಬುಟ್ಟಿಯ ಈ ಕಥೆಯನ್ನು ನಾನು ಆರೋಗ್ಯ ಹೋರಾಟದ ಕಥೆಯೆಂದು ಓದಲು ಯತ್ನಿಸುತ್ತಿದ್ದೇನೆ. ಕೆಲವು ಗೆಳೆಯರಿಗೆ ಇದು ವಿಚಿತ್ರವಾಗಿ ಕಂಡಿದೆ. ಅದು ಜಾತಿಯ ಪ್ರಶ್ನೆ ಮಾರಾಯ, ಆರೋಗ್ಯದ್ದಲ್ಲ ಎಂದರು. ಆರೋಗ್ಯ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಡಾಕ್ಟರು, ಆಸ್ಪತ್ರೆ, ಪಲ್ಸ್ ಪೋಲಿಯೊ. ಮೈಸೂರಿನವರಿಗಾದರೆ ಅರಮನೆ. ಈ ಊರಿನ ಆಸ್ಪತ್ರೆಗಳ ಹೆಸರು ಓದುತ್ತಾ ಹೋದರೆ ರಾಜಮನೆತನದ ವಂಶಾವಳಿಯೇ ಸಿಗುತ್ತದೆ: ಕೃಷ್ಣರಾಜೇಂದ್ರ, ಚೆಲುವಾಂಬ, ರಾಜಕುಮಾರಿ ಕೃಷ್ಣಾಜಮ್ಮಣ್ಣಿ. ಅವರು ಕಟ್ಟಿಸಿದ್ದು ದೊಡ್ಡದೇ. ಕ್ಷಯ ಬಂದ ಎಷ್ಟು ಜನ ನಮ್ಮವರು ಪಿಕೆಟಿಬಿ ಸ್ಯಾನಿಟೋರಿಯಮ್ಮಿನ ಮಂಚದ ಮೇಲೆ ಮಲಗಿ ಎದ್ದು ಬಂದಿದ್ದಾರೆ. ಆದರೆ ಒಂದು ಊರಿನ ಜನ ಕಾಯಿಲೆ ಬೀಳದಂತೆ ದಿನಾ ಬೆಳಗಿನ ಜಾವ ನೋಡಿಕೊಂಡವರು ಯಾರು ಎಂದು ಕೇಳಿದರೆ ಉತ್ತರ ಬೇರೆ ಬರುತ್ತದೆ. ಅವರ ಹೆಸರಿನಲ್ಲಿ ಒಂದು ವಾರ್ಡೂ ಇಲ್ಲ.

ಪ್ಲೇಗಿನಿಂದ ಶುರುಮಾಡೋಣ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರಿಗೂ ಮೈಸೂರಿಗೂ ಬಂತು. ಬ್ರಿಟಿಷರು 1897ರಲ್ಲೇ ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಡಿಕೊಂಡಿದ್ದರು. ಮನೆಗೆ ನುಗ್ಗಿ ಹುಡುಕುವುದು, ರೋಗಿಯನ್ನು ಎತ್ತಿಕೊಂಡು ಹೋಗಿ ಊರಾಚೆಯ ಗುಡಿಸಲಲ್ಲಿಡುವುದು, ಮನೆಯ ಹೆಂಚು ತೆಗೆದು ಬಿಸಿಲು ಬಿಡುವುದು, ಸಾಮಾನು ಸುಡುವುದು, ಇವೆಲ್ಲ ಆಗಿನ ಪ್ಲೇಗು ನಿಯಮಗಳು. ಜನ ಸುಮ್ಮನಿರಲಿಲ್ಲ. 1898ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ದೊಡ್ಡ ಗಲಭೆಯೇ ಆಯಿತು, ಪೊಲೀಸರು ಗುಂಡು ಹಾರಿಸಿದರು. ಪುಣೆಯಲ್ಲಿ ಅದರ ಹಿಂದಿನ ವರ್ಷ ಚಾಪೇಕರ್ ಸಹೋದರರು ಪ್ಲೇಗು ಅಧಿಕಾರಿ ರ‍್ಯಾಂಡ್‌ನನ್ನು ಕೊಂದಿದ್ದರು. ನಮ್ಮ ಚರಿತ್ರೆಯ ಪಠ್ಯಗಳು ಇದನ್ನು ಸ್ವಾತಂತ್ರ್ಯ ಹೋರಾಟದ ಅಧ್ಯಾಯಕ್ಕೆ ಸೇರಿಸಿಕೊಂಡವು.

ಅದೇ ಪುಣೆ, ಅದೇ ಪ್ಲೇಗು, ಅದೇ 1897. ಸಾವಿತ್ರಿಬಾಯಿ ಫುಲೆ ತಮ್ಮ ದತ್ತುಮಗ ಡಾಕ್ಟರ್ ಯಶವಂತನ ಜೊತೆ ಪ್ಲೇಗು ರೋಗಿಗಳಿಗೆ ಆರೈಕೆ ಕೇಂದ್ರ ನಡೆಸುತ್ತಿದ್ದರು. ಮುಂಢವಾ ಗ್ರಾಮದ ಮಹಾರರ ಕೇರಿಯಿಂದ ಒಬ್ಬ ಹುಡುಗನನ್ನು ಹೊತ್ತು ತಂದರು. ಅವರಿಗೂ ಸೋಂಕು ತಗುಲಿತು. ಮಾರ್ಚ್ 10ರಂದು ತೀರಿಕೊಂಡರು. ಸಾವಿತ್ರಿಬಾಯಿಯನ್ನು ನಾವು ಮೊದಲ ಶಿಕ್ಷಕಿಯೆಂದು ಫೋಟೋ ಹಾಕಿ ಹೂವಿಡುತ್ತೇವೆ. ಅವರು ಸತ್ತದ್ದು ಹೇಗೆ ಎಂದು ಕೇಳಿದರೆ ನಮ್ಮ ಸ್ಟಾಫ್‌ರೂಮಿನಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ. ಮುಟ್ಟಬಾರದ ಕೇರಿಯ ಮಗುವನ್ನು, ಅದೂ ಮುಟ್ಟಿದರೆ ಸಾಯುವ ರೋಗ ಬಂದಾಗ, ಹೊತ್ತುಕೊಂಡು ನಡೆದದ್ದು ಈ ದೇಶದ ಆರೋಗ್ಯ ಹೋರಾಟದ ಮೊದಲ ಪುಟಗಳಲ್ಲಿ ಬರಬೇಕಾದ ಸಂಗತಿ. ಪ್ಲೇಗಿನ ನೆಪದಲ್ಲಿ ಗುಂಡು ಹಾರಿಸಿದವರಿಗೆ ಸಿಕ್ಕ ಪುಟ, ಪ್ಲೇಗಿನ ಹುಡುಗನನ್ನು ಹೊತ್ತವರಿಗೆ ಸಿಕ್ಕಿಲ್ಲ.

ಇಲ್ಲಿ 'ಸಂಸ್ಕಾರ'ವನ್ನೂ ನೆನೆಯಬೇಕು. ಅನಂತಮೂರ್ತಿಯವರ ಆ ಕಾದಂಬರಿಯ ಬಗ್ಗೆ ಪರ ವಿರೋಧ ಏನೆಲ್ಲ ಚರ್ಚೆಯಾಗಿದೆ. ಅದೊಂದು ಪ್ಲೇಗಿನ ಕಾದಂಬರಿ ಎಂಬುದನ್ನು ಮಾತ್ರ ನಾವು ಹೆಚ್ಚು ಮಾತಾಡಿಲ್ಲ. ಅಗ್ರಹಾರದಲ್ಲಿ ಒಂದು ಹೆಣ ಕೊಳೆಯುತ್ತದೆ, ಅದಕ್ಕೆ ಸಂಸ್ಕಾರ ಯಾರು ಮಾಡಬೇಕೆಂಬ ಧರ್ಮಜಿಜ್ಞಾಸೆ ಪುಟಗಟ್ಟಲೆ ನಡೆಯುತ್ತದೆ. ಅದೇ ಹೊತ್ತಿಗೆ ಹೊಲಗೇರಿಯಲ್ಲೂ ಜನ ಸಾಯುತ್ತಿದ್ದಾರೆ. ಅಲ್ಲಿ ಹೆಣದ ಜೊತೆ ಗುಡಿಸಲಿಗೇ ಬೆಂಕಿ ಇಟ್ಟು ಮುಗಿಸುತ್ತಾರೆ. ಅದಕ್ಕೆ ಜಿಜ್ಞಾಸೆ ಇಲ್ಲ, ಸಾಲುಗಳೂ ಕಡಿಮೆ. ಲೇಖಕರು ಅದನ್ನು ಕಾಣಲಿಲ್ಲವೆಂದು ಹೇಳಲಾರೆ, ಕಂಡದ್ದರಿಂದಲೇ ಆ ಬೆಂಕಿ ಪುಸ್ತಕದಲ್ಲಿದೆ. ಆದರೆ ಒಂದೇ ರೋಗ ಎರಡು ಕೇರಿಗೆ ಬಂದಾಗ ಒಂದು ಕಡೆ ತತ್ವಶಾಸ್ತ್ರ ಹುಟ್ಟುತ್ತದೆ, ಇನ್ನೊಂದು ಕಡೆ ಬೂದಿ. ಪ್ಲೇಗಿನ ಸರ್ಕಾರಿ ಚರಿತ್ರೆಯೂ ಹೀಗೇ ಇದೆ.

ಪ್ಲೇಗು ಮುಗಿದ ಮೇಲೆ ಮೈಸೂರು ಮೈಕೊಡವಿಕೊಂಡು ಎದ್ದಿತು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. ಇಂಡಿಯಾದಲ್ಲಿ ಇಂಥ ಮಂಡಳಿ ಮಾಡಿದ ಮೊದಮೊದಲ ಊರುಗಳಲ್ಲಿ ಇದೂ ಒಂದು ಎಂದು ನಾವು ಹೆಮ್ಮೆಪಡುತ್ತೇವೆ. ಇಕ್ಕಟ್ಟಿನ ಕೇರಿಗಳನ್ನು ಒಡೆದು, ಅಗಲವಾದ ರಸ್ತೆ, ಗಾಳಿ ಬೆಳಕು, ಸಾಲುಮರಗಳ ಹೊಸ ಬಡಾವಣೆಗಳು ಎದ್ದವು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆ ಓಡಾಡಿದವರಿಗೆ ಗೊತ್ತು, ಆ ಹಳೇ ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಇರುತ್ತದೆ. ಮೈಸೂರಿನವರು ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ಪರಂಪರೆಯ ನಗರಿ ಎಂದು ಕಂಬ ಕಮಾನು ತೋರಿಸುವ ಗೈಡುಗಳು ಆ ಗಲ್ಲಿಗೆ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಆ ಗಲ್ಲಿ ಇದ್ದದ್ದು ಮಲ ಎತ್ತುವವರಿಗಾಗಿ. ಮುಂಬಾಗಿಲಿನ ಬೀದಿಗೆ ಕಾಲಿಡದೆ, ಮನೆಯವರ ಕಣ್ಣಿಗೆ ಬೀಳದೆ, ಹಿತ್ತಿಲ ಕಕ್ಕಸಿನ ಕಿಂಡಿಯಿಂದ ಎತ್ತಿಕೊಂಡು ಹಾಗೆಯೇ ಹೋಗಿಬಿಡಲು.

ಅಸ್ಪೃಶ್ಯತೆ ಹಳ್ಳಿಯದು, ನಗರ ಅದನ್ನು ಕರಗಿಸುತ್ತದೆ ಎಂದು ನಮ್ಮ ಆಧುನಿಕತೆಯ ಮೇಲೆ ಭರವಸೆ ಇಟ್ಟವರು ಹೇಳುತ್ತಾರೆ. ಕನ್ಸರ್ವೆನ್ಸಿ ಗಲ್ಲಿ ಹಳ್ಳಿಯಿಂದ ಬಂದದ್ದಲ್ಲ. ನಕ್ಷೆ ಹಾಕಿ, ಅಡಿಕೋಲು ಹಿಡಿದು, ಆರೋಗ್ಯಶಾಸ್ತ್ರದ ಹೆಸರಿನಲ್ಲಿ ಇಂಜಿನಿಯರುಗಳು ಕಟ್ಟಿದ್ದು. ಹಳೆಯ ಕಾಲದಲ್ಲಿ ಹೊಲಗೇರಿ ಊರಾಚೆ ಇತ್ತು. ಹೊಸ ಕಾಲ ಪ್ರತಿ ಮನೆಯ ಹಿಂದೆ ಆರು ಅಡಿಯ ಊರಾಚೆಯೊಂದನ್ನು ನಿರ್ಮಿಸಿತು.

ನನಗೆ ಇದನ್ನು ಹೀಗೆ ಕಾಣಲು ಕಲಿಸಿದ್ದು ಯಾವ ಪುಸ್ತಕವೂ ಅಲ್ಲ. ನನ್ನ ವಿದ್ಯಾರ್ಥಿಯೊಬ್ಬನ ಅಜ್ಜಿ. ಹೆಸರು ಬೇಡ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಜೊತೆ ಆ ಗಲ್ಲಿಗಳಲ್ಲಿ ನಡೆದವರು. "ಮುಂಬಾಗ್ಲು ಯಾವ್ ಕಡೆಗದೆ ಅಂತ್ಲೇ ನಮಗೆ ಗೊತ್ತಿರ್ನಿಲ್ಲ ಮೇಷ್ಟ್ರೇ. ಹಿತ್ಲು ಕಿಂಡಿ ನೋಡೇ ಇದು ವಕೀಲ್ರ ಮನೆ, ಇದು ಡಾಕುಟ್ರ ಮನೆ ಅಂತಿದ್ವಿ. ಯಾರ್ ಮನೇಲಿ ಭೇದಿ ಆಗದೆ, ಯಾರ್ ಮನೇಲಿ ಜಂತುಹುಳ ಅದೆ, ಮೊದ್ಲು ಗೊತ್ತಾಗ್ತಿದ್ದದ್ದೇ ನಮಗೆ," ಎಂದರು. ಹೇಳಿ ನಕ್ಕರು. ಒಂದು ಕಾಲರಾ ಬರುವ ಮೊದಲು ಊರಿಗೆ ಸುಳಿವು ಕೊಡಬಲ್ಲವರು ಅವರೇ ಆಗಿದ್ದರು. ಆ ಮಾತನ್ನು ಅವರಿಂದ ಯಾವ ಹೆಲ್ತ್ ಇನ್‌ಸ್ಪೆಕ್ಟರೂ ಕೇಳಲಿಲ್ಲವಂತೆ. ಅವರ ಮನೆಮಾತು ತೆಲುಗು ಎಂಬುದನ್ನೂ ಹೇಳಬೇಕು. ಮೈಸೂರಿನ ಅನೇಕ ಪೌರಕಾರ್ಮಿಕ ಮನೆಗಳಲ್ಲಿ ಹೀಗೆಯೇ. ಕನ್ನಡ ದಲಿತ ಸಾಹಿತ್ಯ ಎಂಬ ನಮ್ಮ ಚೌಕಟ್ಟು ಅವರ ಮನೆಯ ಹೊಸಿಲಲ್ಲೇ ನಿಂತುಬಿಡುತ್ತದೆ.

ಇದೇ ಪ್ಲೇಗು ಆಫ್ರಿಕಾಕ್ಕೂ ಹೋಯಿತು. 1901ರ ಆರಂಭದಲ್ಲಿ, ಬೋಯರ್ ಯುದ್ಧ ನಡೆಯುತ್ತಿದ್ದಾಗ, ಕೇಪ್‌ಟೌನ್ ಬಂದರಿನಲ್ಲಿ ಕಾಣಿಸಿಕೊಂಡಿತು. ಕೆಲವೇ ವಾರಗಳಲ್ಲಿ ಅಲ್ಲಿನ ಸರ್ಕಾರ ಬಂದರಿನಲ್ಲಿ ದುಡಿಯುತ್ತಿದ್ದ ಕರಿಯ ಜನರನ್ನು, ಆರೇಳು ಸಾವಿರ ಮಂದಿಯನ್ನು, ಕಾವಲಿನಲ್ಲಿ ಊರಾಚೆಯ ಊಟ್‌ಫ್ಲುಗ್ಟ್ ಎಂಬಲ್ಲಿಗೆ ಸಾಗಿಸಿತು. ಹತ್ತಿರದಲ್ಲೇ ನಗರದ ಕೊಳಚೆ ಹರಿಯುವ ಹೊಲ. ಆಮೇಲೆ ಅದಕ್ಕೆ ನ್ದಾಬೇನಿ ಎಂದು ಹೆಸರಾಯಿತು. ಪ್ಲೇಗು ಹೋಯಿತು, ಜನ ಮಾತ್ರ ವಾಪಸು ಬರಲು ಬಿಡಲಿಲ್ಲ. ಕರಿಯರು ಬೇರೆ, ಬಿಳಿಯರು ಬೇರೆ ವಾಸಿಸಬೇಕೆಂಬ ಕಾನೂನುಗಳು ಆಮೇಲೆ ಬಂದವು. ಬೇರ್ಪಡಿಸುವ ಅಭ್ಯಾಸ ಮೊದಲು ಆದದ್ದು ರೋಗದ ಹೆಸರಿನಲ್ಲಿ. ಮೇನಾರ್ಡ್ ಸ್ವಾನ್ಸನ್ ಎಂಬ ಚರಿತ್ರಕಾರ 1977ರಲ್ಲಿ ಬರೆದ ಲೇಖನವೊಂದರಲ್ಲಿ ಇದಕ್ಕೆ ನೈರ್ಮಲ್ಯದ ವ್ಯಾಧಿ ಎಂಬರ್ಥದ ಹೆಸರಿಟ್ಟ. ಕಾಯಿಲೆ ಇದ್ದದ್ದು ಇಲಿಯಲ್ಲಿ, ಸರ್ಕಾರಕ್ಕೆ ಕಂಡದ್ದು ಮನುಷ್ಯರ ಬಣ್ಣದಲ್ಲಿ.

ನ್ದಾಬೇನಿಯ ಜನ ಬಾಡಿಗೆ ಕೊಡುವುದಿಲ್ಲ ಎಂದು ಕೂತರು. ರೈಲಿನಲ್ಲಿ ಕೂಲಿಗೆ ಹೋಗಿ ಬರಲು ದುಡ್ಡೂ ಕೊಡುವುದಿಲ್ಲ ಎಂದರು. ನಮ್ಮನ್ನು ಇಲ್ಲಿಗೆ ತಂದು ಹಾಕಿದವರು ನೀವು, ಬಾಡಿಗೆ ಯಾತಕ್ಕೆ ಎಂಬುದು ಅವರ ಸರಳ ವಾದ. ಆಲ್‌ಫ್ರೆಡ್ ಮಂಗೇನ ಎಂಬ ತರುಣ, ಆಮೇಲೆ ವಕೀಲನಾದವನು, ಆ ಹೋರಾಟದಲ್ಲಿ ಮುಂದಿದ್ದ. ಗಂಜಾಮಿನವರು ಮನೆಗೆ ನುಗ್ಗಬೇಡಿ ಎಂದು ಎದ್ದರು. ನ್ದಾಬೇನಿಯವರು ನಮ್ಮನ್ನು ಮನೆಯಿಂದ ಎತ್ತಿ ಹಾಕಿದಿರಲ್ಲ ಎಂದು ಎದ್ದರು. ಎರಡಕ್ಕೂ ನಾಲ್ಕು ವರ್ಷದ ಅಂತರವೂ ಇಲ್ಲ. ಮೈಸೂರಿನಲ್ಲಿ ಮಾತ್ರ ದಲಿತರನ್ನು ಎತ್ತಿ ಊರಾಚೆ ಹಾಕುವ ಅಗತ್ಯ ಬೀಳಲಿಲ್ಲ, ಅವರು ಮೊದಲೇ ಊರಾಚೆ ಇದ್ದರು. ಜಾತಿ ಆ ಕೆಲಸವನ್ನು ಸಾವಿರ ವರ್ಷ ಮುಂಚೆಯೇ ಮುಗಿಸಿಟ್ಟಿತ್ತು.

ಮುಂಬಯಿಯ ಒಂದು ಸಂಗತಿಯನ್ನು ಸೇರಿಸಿ ಮುಂದೆ ಹೋಗುತ್ತೇನೆ. ಅಲ್ಲಿ ಮಲ ಎತ್ತುವವರನ್ನು ಹಲಾಲ್‌ಖೋರರು ಎನ್ನುತ್ತಿದ್ದರು. 1889ರಲ್ಲಿ ಅವರು ಮುಷ್ಕರ ಹೂಡಿದ್ದರು. 1896ರಲ್ಲಿ ಪ್ಲೇಗು ಬಂದು ಜನ ಊರು ಬಿಡತೊಡಗಿದಾಗ ಮುನಿಸಿಪಾಲಿಟಿಗೆ ಹುಟ್ಟಿದ ದೊಡ್ಡ ಭಯ, ಈ ಹಲಾಲ್‌ಖೋರರೂ ಹೊರಟುಬಿಟ್ಟರೆ ಏನು ಗತಿ ಎಂಬುದು. ವ್ಯಾಪಾರಿಗಳು ಹೋದರೆ ಊರು ಬಡವಾಗುತ್ತದೆ, ಇವರು ಹೋದರೆ ಊರೇ ಇರುವುದಿಲ್ಲ. ಸಾಮ್ರಾಜ್ಯಕ್ಕೆ ಅರ್ಥವಾದ ಈ ಸತ್ಯ ನಮ್ಮ ಚಳವಳಿಗಳಿಗೆ ಪೂರ್ತಿ ಅರ್ಥವಾಗಿದೆಯೆ? ಗಾಂಧೀಜಿ ಈ ಕೆಲಸವನ್ನು ಪವಿತ್ರ ಸೇವೆಯೆಂದು ಹೊಗಳಿದರು. ಅಂಬೇಡ್ಕರ್ 1945ರ ತಮ್ಮ ಪುಸ್ತಕದಲ್ಲಿ ಆ ಹೊಗಳಿಕೆಯನ್ನೇ ಹಿಡಿದು ಜಾಡಿಸಿದರು. ಬಡತನ ಮತ್ತು ಹೊಲಸನ್ನು ಪುಣ್ಯವೆಂದು ಹೇಳಿ ಅದನ್ನು ಅದೇ ಜನರ ತಲೆಗೆ ಕಟ್ಟುವುದು ಮೋಸ ಎಂಬುದು ಅವರ ನಿಲುವು. ಇವತ್ತು ಪೌರಕಾರ್ಮಿಕರ ಪಾದ ತೊಳೆಯುವ ಸಮಾರಂಭಗಳನ್ನು ಟಿ.ವಿ.ಯಲ್ಲಿ ನೋಡುವಾಗ ಆ ಪುಸ್ತಕ ಹಳೆಯದಾಯಿತು ಎನ್ನಿಸುವುದಿಲ್ಲ.

ಈಗ ಬಸವಲಿಂಗಪ್ಪನವರಿಗೆ ವಾಪಸು ಬರೋಣ. ಅವರ ಆಜ್ಞೆಯಿಂದ ಬುಟ್ಟಿ ಎಲ್ಲ ಕಡೆ ಇಳಿಯಿತು ಎಂದೇನೂ ಅಲ್ಲ. ಬುಟ್ಟಿಯ ಬದಲು ಕೈಗಾಡಿ ಬಂತು, ಎಷ್ಟೋ ಊರುಗಳಲ್ಲಿ ಅದೂ ಬರಲಿಲ್ಲ. ಆದರೆ ಒಂದು ಮಾತಂತೂ ನಿಜ. ಇದು ಸೇವೆಯಲ್ಲ, ಸಂಪ್ರದಾಯವಲ್ಲ, ಅಪರಾಧ ಎಂದು ಸರ್ಕಾರದ ಬಾಯಲ್ಲಿ ಹೇಳಿಸಿದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿ ಈ ಕೆಲಸಗಾರರ ಸ್ಥಿತಿಗತಿ ನೋಡಿ ವರದಿ ಕೊಟ್ಟಿತು. ಕೂಲಿ, ಮನೆ, ಎಷ್ಟು ಜನಸಂಖ್ಯೆಗೆ ಎಷ್ಟು ಕೆಲಸಗಾರರು, ಎಲ್ಲ ಅದರಲ್ಲಿದೆ. ತೋಟಿ, ಜಾಡಮಾಲಿ ಎಂದು ಕೂಗುತ್ತಿದ್ದವರು ಕಾಗದದಲ್ಲಾದರೂ ಪೌರಕಾರ್ಮಿಕರಾದರು. ಹೆಸರು ಬದಲಾದರೆ ಏನಾಯ್ತು ಎನ್ನುವವರು, ತಮ್ಮನ್ನು ಯಾರಾದರೂ ಜಾತಿ ಹಿಡಿದು ಕೂಗಿದ ದಿನವನ್ನು ಒಮ್ಮೆ ನೆನೆಸಿಕೊಳ್ಳಲಿ.

ದಲಿತ ಚಳವಳಿ ಈ ವರದಿಯನ್ನು ತನ್ನ ಬಾವುಟ ಮಾಡಿಕೊಳ್ಳಲಿಲ್ಲ. ಭೂಮಿ, ಹೆಂಡ, ಶಾಲೆ, ದೇವಸ್ಥಾನ, ದೌರ್ಜನ್ಯ, ಇವು ಅದರ ಮುಂದಿದ್ದ ಪ್ರಶ್ನೆಗಳು. ಆ ಕಾಲದ ಹಳ್ಳಿಗಳನ್ನು ನೆನೆದರೆ ಅದು ಸಹಜವೇ. ಆದರೆ ಇನ್ನೊಂದು ಕಾರಣವೂ ಇತ್ತು, ಅದನ್ನು ನಮ್ಮ ವೇದಿಕೆಗಳಲ್ಲಿ ಗಟ್ಟಿಯಾಗಿ ಹೇಳುವುದಿಲ್ಲ. ಪೊರಕೆ ಹಿಡಿದವರನ್ನು ನಮ್ಮ ಕೇರಿಗಳೂ ಒಂದು ಮೆಟ್ಟಿಲು ಕೆಳಗೇ ಇಟ್ಟವು. ಓದಿದ ಹುಡುಗರಿಗೆ ಚಳವಳಿ ಆಫೀಸಿನ ಬಾಗಿಲು ತೆರೆಯಿತು, ಬೆಳಿಗ್ಗೆ ಐದಕ್ಕೆ ರಸ್ತೆ ಗುಡಿಸುವ ಹೆಂಗಸಿಗೆ ಸಭೆಗೆ ಬರಲು ಪುರುಸೊತ್ತೂ ಇರಲಿಲ್ಲ, ಕರೆಯೂ ಇರಲಿಲ್ಲ. ನಮ್ಮ ಆತ್ಮಕಥೆಗಳಲ್ಲಿ ಹಸಿವು ಇದೆ, ಶಾಲೆ ಇದೆ, ಅವಮಾನ ಇದೆ. ಕಕ್ಕಸಿನ ಕಿಂಡಿ ಅಪರೂಪ. ಇಂಗ್ಲಿಷಿನಲ್ಲಿ ಮುಲ್ಕ್ ರಾಜ್ ಆನಂದರ ಬಖಾ, ಮಲಯಾಳದಲ್ಲಿ ತಕಳಿಯವರ ತೋಟಿಯ ಮಗ, ಇಬ್ಬರನ್ನೂ ಸೃಷ್ಟಿಸಿದವರು ಆ ಜಾತಿಗಳವರಲ್ಲ.

ಹಾಗಾಗಿ ಮುಂದಿನ ಅಧ್ಯಾಯ ಚಳವಳಿಯ ಹೊರಗಿನಿಂದಲೇ ಶುರುವಾಯಿತು, ಅದೂ ನಮ್ಮ ನಾಡಿನಲ್ಲೇ. ಕೋಲಾರ ಚಿನ್ನದ ಗಣಿಯ ಕಾರ್ಮಿಕರ ಲೈನುಗಳಲ್ಲಿ ಸಾಲುಸಾಲು ಒಣ ಕಕ್ಕಸುಗಳಿದ್ದವು. ದೇಶಕ್ಕೆ ಚಿನ್ನ ಕೊಟ್ಟ ಊರಿನಲ್ಲಿ ಮನುಷ್ಯರು ಬಕೆಟ್ಟಿನಲ್ಲಿ ಮಲ ಎತ್ತುತ್ತಿದ್ದರು. ಅಂಥ ಮನೆಯೊಂದರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಪತ್ರ ಬರೆದರು, ಕಕ್ಕಸುಗಳ ಫೋಟೋ ತೆಗೆದರು, ಇಲ್ಲ ಎನ್ನುವವರ ಮುಂದೆ ಫೋಟೋ ಇಟ್ಟರು. 1994ರಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಹುಟ್ಟಿತು. 2003ರಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಪು ಬಂದದ್ದು 2014ರ ಮಾರ್ಚ್ 27ರಂದು. ಹನ್ನೊಂದು ವರ್ಷ. ಅಷ್ಟರಲ್ಲಿ 2013ರ ಹೊಸ ಕಾಯಿದೆಯೂ ಬಂದಿತ್ತು. 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ಕೊಡಬೇಕೆಂದು ಕೋರ್ಟು ಹೇಳಿತು. 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಸಾವಿನ ದರ ಪರಿಷ್ಕರಣೆಯಾಯಿತು, ಸಾವು ನಿಲ್ಲಲಿಲ್ಲ.

ಇದರ ಪಕ್ಕದಲ್ಲಿ ದಕ್ಷಿಣ ಆಫ್ರಿಕಾದ ಇನ್ನೊಂದು ಹೋರಾಟವನ್ನು ಇಟ್ಟು ನೋಡುವುದು ಒಳ್ಳೆಯದು. 1998ರ ಡಿಸೆಂಬರ್ 10ರಂದು ಕೇಪ್‌ಟೌನಿನಲ್ಲಿ ಜಾಕಿ ಅಖ್ಮತ್ ಮತ್ತು ಗೆಳೆಯರು ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಕಟ್ಟಿದರು. ಏಡ್ಸ್‌ಗೆ ಔಷಧಿ ಇತ್ತು, ಬಡವರಿಗೆ ಇರಲಿಲ್ಲ. ಔಷಧಿ ಕಂಪನಿಗಳ ಪೇಟೆಂಟು ಒಂದು ಕಡೆ, ಎಚ್‌ಐವಿಯಿಂದ ಏಡ್ಸ್ ಬರುತ್ತದೆಂಬುದನ್ನೇ ಅನುಮಾನಿಸುತ್ತಿದ್ದ ಅಧ್ಯಕ್ಷ ಎಂಬೆಕಿ ಇನ್ನೊಂದು ಕಡೆ. ಸಂಘಟನೆ ಏನು ಮಾಡಿತೆಂದರೆ, ಟೌನ್‌ಷಿಪ್ಪುಗಳ ಹೆಂಗಸರಿಗೆ ಪಾಠ ಹೇಳಿತು. ವೈರಸ್ ಎಂದರೇನು, ಯಾವ ಮಾತ್ರೆ ಏನು ಮಾಡುತ್ತದೆ, ಅದರ ಬೆಲೆ ಯಾಕೆ ಅಷ್ಟು ಎಂದು. ಅಕ್ಷರ ಬಾರದವರೂ ಔಷಧಿಯ ಹೆಸರು ಹಿಡಿದು ಮಂತ್ರಿಯ ಜೊತೆ ವಾದ ಮಾಡುವಂತಾದರು. 2001ರ ಫೆಬ್ರವರಿಯಲ್ಲಿ ನಮ್ಮ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್, ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೀರಿದ್ದ ಔಷಧಿಗಳನ್ನು 350 ಡಾಲರಿಗೆ ಕೊಡುತ್ತೇನೆಂದು ಪರಿಹಾರ ಸಂಸ್ಥೆಯೊಂದಕ್ಕೆ ಹೇಳಿದರು. ಸರ್ಕಾರದ ಮೇಲೆ ಕೇಸು ಹಾಕಿದ್ದ 39 ಔಷಧಿ ಕಂಪನಿಗಳು ಅದೇ ಏಪ್ರಿಲ್‌ನಲ್ಲಿ ಹಿಂದೆ ಸರಿದವು. 2002ರ ಜುಲೈ 5ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ, ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ನೆವಿರಪಿನ್ ಔಷಧಿಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡಲೇಬೇಕೆಂದಿತು.

ಅವರಿಗೆ ಮೂರೂವರೆ ವರ್ಷ ಹಿಡಿಯಿತು, ನಮಗೆ ಹನ್ನೊಂದು. ಕೋರ್ಟುಗಳ ವೇಗ ಒಂದು ಕಾರಣ ಇರಬಹುದು. ಆದರೆ ಅವರ ಸಂವಿಧಾನ ಆರೋಗ್ಯ ಸೇವೆಯನ್ನು ನೇರ ಹಕ್ಕುಗಳ ಸಾಲಿನಲ್ಲಿ ಬರೆದಿದೆ. ನಮ್ಮದು ಅಸ್ಪೃಶ್ಯತೆಯನ್ನು ರದ್ದುಮಾಡಿ, ಆರೋಗ್ಯವನ್ನು ನಿರ್ದೇಶಕ ತತ್ವಗಳಲ್ಲಿ ಇಟ್ಟಿದೆ. ಹಾಗಾಗಿ ನಮ್ಮ ಪೌರಕಾರ್ಮಿಕ ತನ್ನ ಶ್ವಾಸಕೋಶದ ಬಗ್ಗೆ ಮಾತಾಡಬೇಕಾದರೂ ಜೀವಿಸುವ ಹಕ್ಕಿನ ಬಾಗಿಲಿನಿಂದ ಸುತ್ತಿಕೊಂಡು ಬರಬೇಕು. ಇನ್ನೊಂದು ವ್ಯತ್ಯಾಸ ನನಗೆ ಹೆಚ್ಚು ಮುಖ್ಯ. ಆ ಸಂಘಟನೆಯವರು ಎದೆಯ ಮೇಲೆ 'ಎಚ್‌ಐವಿ ಪಾಸಿಟಿವ್' ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾದ ಅಂಗಿ ತೊಟ್ಟು ಬೀದಿಗಿಳಿದರು. ರೋಗ ಇದ್ದವರೂ ತೊಟ್ಟರು, ಇಲ್ಲದವರೂ ತೊಟ್ಟರು. 2002ರಲ್ಲಿ ಮಂಡೇಲಾ ಕೂಡ ತೊಟ್ಟರು. ಅವಮಾನದ ಗುರುತನ್ನು ಎಲ್ಲರೂ ಹಂಚಿಕೊಂಡದ್ದರಿಂದ ಅದರ ವಿಷ ಇಳಿಯಿತು. ನಮ್ಮಲ್ಲಿ ಅಂಥ ಅಂಗಿ ಯಾವುದಾಗಬಹುದು? ನಾನು ತೋಟಿ ಎಂದು ಬರೆದ ಅಂಗಿಯನ್ನು ತೊಟ್ಟು ಸಯ್ಯಾಜಿರಾವ್ ರಸ್ತೆಯಲ್ಲಿ ನಡೆಯಲು ನಮ್ಮ ಪ್ರಗತಿಪರರಲ್ಲಿ ಎಷ್ಟು ಜನ ಬಂದಾರು?

ನಮ್ಮಲ್ಲಿ ಅಂಗಿ ಇರಲಿಲ್ಲ, ಮೈಯೇ ಇತ್ತು. 2010ರ ಜುಲೈ 20. ಹಾವೇರಿ ಜಿಲ್ಲೆಯ ಸವಣೂರು. ಪುರಸಭೆಯ ಕಚೇರಿಯ ಮುಂದೆ ಭಂಗಿ ಸಮುದಾಯದ ಕೆಲವರು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ತಲೆತಲಾಂತರದಿಂದ ಆ ಊರಿನ ಕಕ್ಕಸು ಬಳಿದ ಮನೆತನಗಳು ಅವು. ಅವರಿದ್ದ ಜಾಗವನ್ನು ಖಾಲಿ ಮಾಡಿಸಿ ವಾಣಿಜ್ಯ ಸಂಕೀರ್ಣ ಕಟ್ಟುವ ಯೋಚನೆ ಪುರಸಭೆಯದು. ನೀರು ನಿಂತಿತ್ತು. ಮನವಿ ಕೊಟ್ಟು ಕೊಟ್ಟು ಸಾಕಾಗಿತ್ತು. ಸವಣೂರು ಎಂದರೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ವಿ.ಕೃ. ಗೋಕಾಕರು ಹುಟ್ಟಿದ ಊರು. ಆ ದಿನದಿಂದ ಇನ್ನೊಂದು ಕಾರಣಕ್ಕೂ ಅದು ಕನ್ನಡ ಸಂಸ್ಕೃತಿಯ ಊರಾಗಬೇಕಿತ್ತು.

ಮೂರು ವರ್ಷದ ನಂತರ, 2013ರ ಜೂನ್‌ನಲ್ಲಿ, ಕೇಪ್‌ಟೌನಿನ ಖಾಯೆಲಿತ್ಷಾ ಮೊದಲಾದ ಟೌನ್‌ಷಿಪ್ಪುಗಳ ಕಾರ್ಯಕರ್ತರು ಮಲ ತುಂಬಿದ ಡಬ್ಬಗಳನ್ನು ತಂದು ವಿಮಾನ ನಿಲ್ದಾಣದ ಒಳಗೇ ಸುರಿದರು. ಪ್ರಾಂತೀಯ ಶಾಸನಸಭೆಯ ಮೆಟ್ಟಿಲ ಮೇಲೂ ಸುರಿದರು. ಒಳಚರಂಡಿಯ ಬದಲು ನಗರಾಡಳಿತ ಅವರಿಗೆ ಎತ್ತಿಕೊಂಡು ಓಡಾಡುವ ಕಕ್ಕಸು ಡಬ್ಬ ಕೊಟ್ಟಿತ್ತು. ಅದೇ ಖಾಯೆಲಿತ್ಷಾದ ಮಖಾಝಾದಲ್ಲಿ ಗೋಡೆಯೇ ಇಲ್ಲದ ಕಕ್ಕಸು ಕೂರಿಸಿದ್ದು ಜನರ ಘನತೆಗೆ ಧಕ್ಕೆ ಎಂದು 2011ರಲ್ಲಿ ಹೈಕೋರ್ಟು ಹೇಳಿತ್ತು. 2015ರ ಮಾರ್ಚ್ 9ರಂದು ಚುಮಾನಿ ಮ್ಯಾಕ್ಸ್‌ವೆಲೆ ಎಂಬ ವಿದ್ಯಾರ್ಥಿ ಖಾಯೆಲಿತ್ಷಾದಿಂದಲೇ ಒಂದು ಡಬ್ಬ ತಂದು ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿದ್ದ ಸಿಸಿಲ್ ರೋಡ್ಸ್ ಪ್ರತಿಮೆಗೆ ಎರಚಿದ. ಒಂದೇ ತಿಂಗಳಲ್ಲಿ ಆ ಪ್ರತಿಮೆ ಎದ್ದು ಹೋಯಿತು. ಆ ಪ್ರತಿಭಟನೆಗಳ ಹಿಂದೆ ಪಕ್ಷ ರಾಜಕೀಯದ ಕೈಯೂ ಇತ್ತೆಂದು ಅಲ್ಲಿ ಟೀಕೆ ಬಂತು. ಇದ್ದಿರಬಹುದು. ಗೋಡೆಯಿಲ್ಲದ ಕಕ್ಕಸಂತೂ ಪಕ್ಷದ ಕಲ್ಪನೆಯಾಗಿರಲಿಲ್ಲ.

ಎರಡೂ ಕಡೆ ಒಂದೇ ವಸ್ತು. ಆದರೆ ಅವರು ಎರಚಿದ್ದು ಪ್ರಭುತ್ವದ ಮೇಲೆ, ನಮ್ಮವರು ಸುರಿದುಕೊಂಡದ್ದು ತಮ್ಮ ಮೇಲೆ. ಈ ವ್ಯತ್ಯಾಸ ನನ್ನನ್ನು ಬಹಳ ದಿನ ಕಾಡಿದೆ. ನಮ್ಮ ಗೆಳೆಯರಲ್ಲಿ ಒಂದು ವಾದ ಇದೆ. ಜಾತಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ ಸಿಟ್ಟನ್ನು ಕೂಡ ತನ್ನ ಮೇಲೇ ತಿರುಗಿಸಿಕೊಳ್ಳುವಂತೆ ಮಾಡಿದೆ, ಸವಣೂರು ಸ್ವಾವಮಾನ, ಪುರಸಭೆಯ ಮುಖ್ಯಾಧಿಕಾರಿಯ ಮೇಜಿನ ಮೇಲೆ ಸುರಿಯಬೇಕಿತ್ತು ಎಂದು. ಸುರಿದಿದ್ದರೆ ಆಗುತ್ತಿದ್ದದ್ದೇನು? ಮೇಜು ತೊಳೆಯಲು ಅದೇ ಕೇರಿಯ ಇನ್ನೊಬ್ಬರನ್ನು ಕರೆಸುತ್ತಿದ್ದರು. ರೋಡ್ಸ್ ಪ್ರತಿಮೆಯನ್ನು ಯಾರು ತೊಳೆದಿರಬಹುದು ಎಂದು ಅಲ್ಲಿನವರೂ ಒಮ್ಮೆ ಕೇಳಿಕೊಳ್ಳಬೇಕು. ನಾನು ಸವಣೂರನ್ನು ಸ್ವಾವಮಾನ ಎಂದು ಓದುವುದಿಲ್ಲ. ದಿನಾ ಯಾರಿಗೂ ಕಾಣದ ಗಲ್ಲಿಯಲ್ಲಿ, ಬೆಳಕು ಹರಿಯುವ ಮೊದಲು, ಇದೇ ಮೈಮೇಲೆ ಇದೇ ಬೀಳುತ್ತಿತ್ತು. ಅವರು ಮಾಡಿದ್ದು ಅದನ್ನು ಹಗಲಿಗೆ, ಮುಂಬಾಗಿಲಿಗೆ ತಂದದ್ದು. ಹಿತ್ತಿಲ ಗಲ್ಲಿಯನ್ನು ಕಟ್ಟಿದ ಇಡೀ ಆರೋಗ್ಯಶಾಸ್ತ್ರ ಯಾವುದನ್ನು ಕಾಣಿಸಬಾರದೆಂದು ನಿರ್ಧರಿಸಿತ್ತೋ ಅದನ್ನು ಪುರಸಭೆಯ ಮುಂದೆ ನಿಲ್ಲಿಸಿದರು. ಕಾಣುವಂತೆ ಮಾಡುವುದು ವಿಮರ್ಶೆಯ ಕೆಲಸವಾದರೆ, ಅಲ್ಲಿ ನಡೆದದ್ದು ವಿಮರ್ಶೆ. ನಾವು ಅದಕ್ಕೆ ಪರಿಭಾಷೆ ಹುಡುಕುತ್ತಾ ಕೂತೆವು, ಟಿ.ವಿ.ಯವರು ಎರಡು ದಿನ ತೋರಿಸಿ ಕೈತೊಳೆದುಕೊಂಡರು.

ಮೈಸೂರಿನ ಕಥೆ ಇನ್ನೂ ಸ್ವಲ್ಪ ಇದೆ. 2015ರಲ್ಲಿ ದೇಶದ 476 ನಗರಗಳಲ್ಲಿ, 2016ರಲ್ಲಿ 73 ನಗರಗಳಲ್ಲಿ ಮೈಸೂರು ಸ್ವಚ್ಛತೆಗೆ ಮೊದಲ ಸ್ಥಾನ ಪಡೆಯಿತು. ಊರು ತುಂಬ ಅಭಿನಂದನೆಯ ಫ್ಲೆಕ್ಸುಗಳು. ಯಾರ್ಯಾರ ಫೋಟೋ ಇತ್ತೆಂದು ಹೇಳಬೇಕಿಲ್ಲ. 2017ರಲ್ಲಿ ಸರ್ಕಾರ ಕೆಲವು ಪೌರಕಾರ್ಮಿಕರನ್ನು ಸ್ವಚ್ಛತೆ ನೋಡಿ ಬರಲು ಸಿಂಗಪುರಕ್ಕೆ ಕಳಿಸಿತು. ವಿಮಾನ ಹತ್ತಿದ್ದು ಸಂತೋಷವೇ, ಯಾರು ಬೇಡ ಎನ್ನುತ್ತಾರೆ. 2020ರಲ್ಲಿ ಕೊರೊನಾ ಬಂದಾಗ ಅವರು ವಾರಿಯರ್ಸ್ ಆದರು, ಹೂವು ಎರಚಿಸಿಕೊಂಡರು. ಹೂವು ಗುಡಿಸಿದವರೂ ಅವರೇ. 1897ರ ಆ ಹಳೇ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ ಆಗ ಮತ್ತೆ ಹೊರತೆಗೆದರು. ನಾನು ತರಗತಿಯಲ್ಲಿ ಗಂಜಾಮಿನ ಪಾಠ ಮಾಡುತ್ತಾ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ಆ ಕಾಯಿದೆಯಲ್ಲಿ ಗ್ಲೌಸ್ ಬಗ್ಗೆ ಏನಾದ್ರೂ ಇದೆಯಾ?" ಎಂದು ಕೇಳಿದಳು. ಅವಳ ಅಮ್ಮ ವಾರ್ಡಿನಲ್ಲಿ ಕಸ ತೆಗೆಯುತ್ತಾರೆ. ಕಾಯಿದೆಯಲ್ಲಿ ಗ್ಲೌಸ್ ಇಲ್ಲ.

2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಕಾಯಂ ಮಾಡಿ ಎಂಬುದು ಬೇಡಿಕೆ. ಮೇಲ್ನೋಟಕ್ಕೆ ಅದು ಸಂಬಳದ ಹೋರಾಟ. ಆದರೆ ಕಂತ್ರಾಟುದಾರನ ಕೈಕೆಳಗಿನ ಹೆಂಗಸಿಗೆ ಜ್ವರ ಬಂದರೆ ರಜೆಯಿಲ್ಲ, ಬಸುರಿಯಾದರೆ ಕೆಲಸವಿಲ್ಲ, ಕೆಮ್ಮು ಬಂದರೆ ತೋರಿಸಲು ಒಂದು ಹೊತ್ತಿನ ಕೂಲಿ ಬಿಡಬೇಕು. ಕಾಯಮಾತಿ ಎಂದರೆ ಅವರಿಗೆ ಮೊದಲು ಕಾಯಿಲೆ ಬೀಳುವ ಹಕ್ಕು. ನಾಲ್ಕು ದಿನಕ್ಕೆ ಊರುಗಳು ನಾರತೊಡಗಿದವು, ಸರ್ಕಾರ ಮಾತಿಗೆ ಬಂತು, ಸೆಪ್ಟೆಂಬರಿನಲ್ಲಿ 11,133 ಜನರನ್ನು ಕಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. 1896ರಲ್ಲಿ ಮುಂಬಯಿ ಮುನಿಸಿಪಾಲಿಟಿ ಹೆದರಿದ್ದು ಸುಮ್ಮನೆ ಅಲ್ಲ. ಆ ಪಟ್ಟಿಯಲ್ಲಿ ಬೀದಿ ಗುಡಿಸುವವರಿದ್ದರು. ಕಸದ ಗಾಡಿ ಓಡಿಸುವವರು, ಲೋಡು ಮಾಡುವವರು, ಒಳಚರಂಡಿಯವರು ನಮ್ಮನ್ನೂ ಸೇರಿಸಿ ಎಂದು ಮತ್ತೆ ಧರಣಿ ಕೂರಬೇಕಾಯಿತು.

ಸಾಲಪ್ಪ ವರದಿ ಹೇಳಿದ್ದು 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂದು. ಸರ್ಕಾರ ಆಮೇಲೆ ಮಾಡಿಕೊಂಡ ಲೆಕ್ಕ 700ಕ್ಕೆ ಒಬ್ಬ. 2011ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ ಸುಮಾರು 9 ಲಕ್ಷ. ಮೊದಲ ಲೆಕ್ಕದಲ್ಲಿ 1,800 ಜನ ಬೇಕು. ಎರಡನೆಯದರಲ್ಲಿ 1,286 ಸಾಕು. ನಡುವೆ ಬಿಟ್ಟುಹೋದ ಐನೂರಕ್ಕೂ ಹೆಚ್ಚು ಜನರ ಕೆಲಸವನ್ನು ದಿನಾ ಬೆಳಿಗ್ಗೆ ಐದರಿಂದ ಉಳಿದವರ ಸೊಂಟವೇ ಮಾಡುತ್ತಿದೆ.